ಕಲ್ಲುದಿಬ್ಬದ ಮೇಲಿನ ಹಲಗೆ

“ನಿಮ್ಮವ್ವ ಸತ್ತು ಮಲಗಿದ್ಲು ಅಂತ ಹಲಗೇನ ತಲೆ ಮ್ಯಾಲೆ ಹೊತ್ಕಂಡು ಮೆರೆಸಬೇಕೇನೆ? ಹಂದಿಗೂಡಿಗೆ ಬಾಗ್ಲಿಲ್ಲ. ಟಾರು ಬಳ್ದು ಅಲ್ಲಿಗೆ ಹಾಕು,” ಅಂದ ಯಜಮಾನ ಪಂಕ್ರಾಟ್ಸ್. ನಾನು ಗೊಬ್ಬರದ ಗುಂಡಿಯಲ್ಲಿ ಮೊಣಕಾಲವರೆಗೆ ಇಳಿದು ನಿಂತಿದ್ದೆ. ಅವ್ವನನ್ನು ಕೆಳಗಿನ ಕಣಿವೆಯಲ್ಲಿ ಮಣ್ಣು ಮಾಡಿ ಬಂದದ್ದು ಹಿಂದಿನ ದಿನ.

ನಮ್ಮ ಬವೇರಿಯಾದ ಕಾಡಿನ ಕಡೆ ಸತ್ತವರನ್ನು ಮಣ್ಣು ಮಾಡುವವರೆಗೆ ಒಂದು ಹಲಗೆಯ ಮೇಲೆ ಮಲಗಿಸುತ್ತಾರೆ. ಆಮೇಲೆ ಅದರ ಮೇಲೆ ಹೆಸರು ಬರೆದು ದಾರಿಬದಿಯಲ್ಲಿ ನೆಡುತ್ತಾರೆ. ಮಳೆ ಬಿಸಿಲಿಗೆ ಹಲಗೆ ಕೊಳೆತು ಬಿದ್ದ ದಿನ ಆ ಜೀವಕ್ಕೆ ಬಿಡುಗಡೆ. ಟಾರು ಬಳಿದ ಹಲಗೆ ಯಾವ ಕಾಲಕ್ಕೆ ಕೊಳೆಯಬೇಕು? ಬದುಕಿದ್ದಷ್ಟು ದಿನ ಈ ಮನೆಯ ಹಂದಿಗಳ ಸೇವೆ ಮಾಡಿದವಳು ಸತ್ತ ಮೇಲೂ ಅವುಗಳ ಬಾಗಿಲು ಕಾಯಬೇಕಿತ್ತು. 

ನಾವಿರುವ ಹಿಂಟರ್‌ರೋಯ್ಟ್ ಅಂದರೆ ಮೂರು ಸೂರು, ಅಷ್ಟೇ. ಯಜಮಾನನ ಮನೆ, ಕಣಜ, ದನದ ಕೊಟ್ಟಿಗೆ. ಕೊಟ್ಟಿಗೆಯ ಅಟ್ಟದಲ್ಲಿ ನಾವು ಆಳುಗಳು. ಕಣಿವೆಯಿಂದ ಒಂದೇ ದಾರಿ ಮೇಲೆ ಬರುತ್ತದೆ, ಅದು ತಿರುಗುವ ಕಡೆ ಮರದ ಕೆಳಗೆ ಪಂಕ್ರಾಟ್ಸನ ಹಿರಿಯರ ಹಲಗೆಗಳು ಬಂಗಾರದ ಅಕ್ಷರ ಹೊತ್ತು ಸಾಲಾಗಿ ನಿಂತಿವೆ. ನೆಂಟರು ಬಂದಾಗಲೆಲ್ಲ ಅವನು ಅದೇ ಪುರಾಣ ಬಿಚ್ಚುತ್ತಾನೆ. ಅವನ ಮುತ್ತಜ್ಜ ಒಬ್ಬನೇ ಕೊಡಲಿ ಹಿಡಿದು ಬಂದು ಕಾಡು ಕಡಿದು ಹೊಲ ಮಾಡಿದನಂತೆ. ಒಬ್ಬನೇ! ಬೇರು ಕಿತ್ತವರು ಯಾರು, ಅವನಿಗೆ ಬೇಯಿಸಿ ಹಾಕಿದವರು ಯಾರು ಎಂದು ಯಾವ ನೆಂಟನೂ ಕೇಳಿದ್ದಿಲ್ಲ.

ನಮ್ಮ ಪುರಾಣ ಇರುವುದು ಹೊಲದ ಅಂಚಿನ ಕಲ್ಲುದಿಬ್ಬದಲ್ಲಿ. ಇಲ್ಲಿನ ಹೊಲ ರೈ ಧಾನ್ಯ ಬೆಳೆಯುವ ಮೊದಲು ಕಲ್ಲು ಬೆಳೆಯುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ವಸಂತ ಬರುವಷ್ಟರಲ್ಲಿ ಹೊಸ ಕಲ್ಲುಗಳನ್ನು ಮೇಲಕ್ಕೆ ತಳ್ಳಿರುತ್ತದೆ. ಅವನ್ನು ಆರಿಸಿ ಬುಟ್ಟಿಯಲ್ಲಿ ಹೊತ್ತು ಅಂಚಿಗೆ ಸುರಿಯುವುದು ಹೆಣ್ಣಾಳುಗಳ ಪಾಲು. ಅಜ್ಜಿ ಸುರಿದಳು, ಅವ್ವ ಸುರಿದಳು, ನಾನು ಸುರಿಯುತ್ತಿದ್ದೇನೆ. ದಿಬ್ಬ ಈಗ ಕಣಜದ ಸೂರಿನಷ್ಟು ಎತ್ತರವಾಗಿದೆ. ಕಣಿವೆಯಿಂದ ಬರುವವರಿಗೆ ಮೊದಲು ಕಾಣುವುದು ಅದೇ.

ಶನಿವಾರ ಪಾಪನಿವೇದನೆಗೆ ಹೋದಾಗ ಪಾದ್ರಿಯ ಹತ್ತಿರ ಹಲಗೆಯ ಮಾತೆತ್ತಿದೆ. ಯಜಮಾನನ ಮಾತು ಮೀರುವುದು ದೇವರ ಮಾತು ಮೀರಿದ ಹಾಗೆ ಅಂದರು. ಮದುವೆಯಿಲ್ಲದೆ ಹಡೆದವಳಿಗೆ ಚರ್ಚಿನ ಮಣ್ಣು ಸಿಕ್ಕಿದ್ದೇ ಹೆಚ್ಚು ಎಂದೂ ಸೇರಿಸಿದರು. ಸೂರಿಲ್ಲದ ಆಳುಗಳ ಮದುವೆಗೆ ಅಪ್ಪಣೆ ಕೊಡದವರು ಯಾರೆಂದು ನನಗೆ ಗೊತ್ತು, ಅವರಿಗೂ ಗೊತ್ತು. ಅವರ ಅಡುಗೆಮನೆಯ ಹೊಗೆಯಲ್ಲಿ ತೂಗುತ್ತಿದ್ದುದು ಪಂಕ್ರಾಟ್ಸ್ ಕಳಿಸಿದ ಹಂದಿಯ ತೊಡೆ.

ಎತ್ತು ಹೊಡೆಯುವ ಮುದುಕ ಕೊರ್ಬೀನಿಯನ್ ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡ. ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಚರ್ಚಿನ ಪೂಜೆಗೆ ಇಳಿದು ಹೋದ ಮೇಲೆ, ಹಲಗೆಯ ಮೇಲೆ ಹೆಸರು ಸುಡಲು ಒಲೆಯಲ್ಲಿ ಮೊಳೆ ಕಾಯಿಸಿದ.

“ಏನಂತ ಸುಡ್ಲವ್ವ?”

“ವಾಲ್ಬುರ್ಗ.”

“ಅದ್ಯಾರು?”

“ನಮ್ಮವ್ವ ಕಣಣ್ಣ.”

ಮುದುಕ ಇಕ್ಕಳದಲ್ಲಿ ಮೊಳೆ ಎತ್ತಿಕೊಂಡ. ಅವಳ ಜೊತೆ ಇಷ್ಟು ವರ್ಷ ದುಡಿದವನಿಗೆ ಅವಳ ಹೆಸರು ಗೊತ್ತಿರಲಿಲ್ಲ. ಇಲ್ಲಿ ಎಲ್ಲರ ಬಾಯಲ್ಲೂ ಅವಳು ‘ಹಂದಿಯವಳು’. ಅವನು ಒಂದೊಂದೇ ಅಕ್ಷರ ಸುಟ್ಟು ಕೊರೆದ. ಇಬ್ಬರೂ ಹಲಗೆ ಹೊತ್ತು ದಿಬ್ಬ ಹತ್ತಿದೆವು. ಕಲ್ಲು ಸರಿಸಿ ನಿಲ್ಲಿಸಿ, ಮತ್ತೆ ಕಲ್ಲು ಒತ್ತಿ ಬಿಗಿ ಮಾಡಿದೆವು.

ಪೂಜೆ ಮುಗಿಸಿ ಬಂದವರಿಗೆ ದಾರಿಯಿಂದಲೇ ಅದು ಕಂಡಿತ್ತು. ಪಂಕ್ರಾಟ್ಸ್ ನೇರ ಊಟಕ್ಕೆ ಕುಳಿತ. ನಮ್ಮಲ್ಲಿ ಯಜಮಾನನೂ ಆಳುಗಳೂ ಒಂದೇ ಬೋಗುಣಿಗೆ ಚಮಚ ಅದ್ದುತ್ತೇವೆ. ಸಮಾನತೆ ಅಂದುಕೊಳ್ಳಬೇಡಿ. ಅವನು ಚಮಚ ಒರೆಸಿ ಕೆಳಗಿಟ್ಟ ಗಳಿಗೆಗೆ ಎಲ್ಲರ ಊಟ ಮುಗಿಯಿತು. ಬಾಯಿಗೆ ಒಯ್ದ ತುತ್ತು ನುಂಗಿ, ಚಮಚವನ್ನು ಮೇಜಿನ ಕೆಳಗಿನ ಪಟ್ಟಿಗೆ ಸಿಕ್ಕಿಸಿ ಏಳಬೇಕು. ಉಳಿದದ್ದನ್ನು ಯಜಮಾನಿಯೇ ಹಂದಿಯ ಬಾನಿಗೆ ಸುರಿಯುತ್ತಾಳೆ. ಬೋಗುಣಿ ಯಜಮಾನಿಯ ತವರಿನದು, ಒಡೆದೇವೆಂದು ತೊಳೆಯಲೂ ನಮಗೆ ಕೊಡುವುದಿಲ್ಲ.

ಅವನು ನಾಲ್ಕು ಸಲ ಸೂಪು ಎತ್ತಿಕೊಂಡು ಚಮಚ ಒರೆಸಿದ. ಎಲ್ಲರ ಕೈ ನಿಂತಿತು.

“ಈಗ್ಲೇ ಹೋಗಿ ಅದ್ನ ಕಿತ್ಕಂಡ್ ಬಾ. ಹಾದರಕ್ಕೆ ಹುಟ್ಟಿದ್ ಮುಂಡೆ, ಉಂಡ ಮನೆ ಜಂತೆ ಎಣಿಸ್ತೀಯಾ?”

ನಾನು ಬೋಗುಣಿಗೆ ಚಮಚ ಅದ್ದಿದೆ.

“ಚಮಚ ಕೆಳಗಿಟ್ಟಿವ್ನಿ, ಕಣ್ ಕಾಣಾಕಿಲ್ವಾ?”

“ಕಾಣ್ತದೆ ಯಜಮಾನ್ರೆ. ನಂಗಿನ್ನೂ ಹೊಟ್ಟೆ ತುಂಬಿಲ್ಲ.”

 ಇವತ್ತೇ ಗಂಟು ಕಟ್ಟು ಎಂದು ಅವನು ಕೂಗಿದ. ನಡುವರ್ಷದಲ್ಲಿ ಹೊರದಬ್ಬಿಸಿಕೊಂಡ ಆಳನ್ನು ಈ ಸುತ್ತಲಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ, ಹಿಮ ಬೀಳಲು ಹೆಚ್ಚು ದಿನ ಇರಲಿಲ್ಲ. ಭಯವಾಯಿತು. ಆದರೂ ತಿಂದೆ. ಪಕ್ಕದಲ್ಲಿ ಪಟ್ಟಿ ಕಿರುಗುಟ್ಟಿತು. ಕೊರ್ಬೀನಿಯನ್ ಸಿಕ್ಕಿಸಿದ್ದ ಚಮಚ ಮತ್ತೆ ಎಳೆದ. ಅವನ ಹಿಂದೆ ಇನ್ನೊಬ್ಬಳು, ಆಮೇಲೆ ಕೊನೆಯ ಬೆಂಚಿನವರು. ಪಂಕ್ರಾಟ್ಸ್ ಎದ್ದು ನಿಂತಿದ್ದ. ನಾವು ಕುಳಿತೇ ಇದ್ದೆವು.

ಬೋಗುಣಿ ಬರಿದಾಯಿತು. ತಳದಲ್ಲಿ ಒಂದು ನೀಲಿ ಹೂವು ಬರೆದಿತ್ತು. ಈ ಮನೆಯ ಕೊಟ್ಟಿಗೆಯಲ್ಲೇ ಹುಟ್ಟಿದವಳು ನಾನು, ಅದನ್ನು ನೋಡಿದ್ದು ಅವತ್ತೇ ಮೊದಲು. ಅವ್ವ ನೋಡಿಯೇ ಇರಲಿಲ್ಲ.