ಹನ್ನೆರಡು ಎಳೆಯ ಚಾವಟಿ

ಚಾವಟಿ ಮೊದಲ ಸಲ ಕಾರ್ಖಾನೆಯಲ್ಲಿ ಸದ್ದು ಮಾಡಿದಾಗ ಎಲ್ಲರೂ ನಕ್ಕರು. ಅದನ್ನು ಹೆಣೆದ ಕತ್ರಿಯಕ್ಕನೂ ನಕ್ಕಳು. ಮುಂದೆ ಬಹಳ ದಿನ ಅವಳ ಮೈ ಉರಿಸಿದ್ದು ಆ ನಗುವೇ.

ಅದು ಚರ್ಮದ ಚೀಲ ಹೊಲಿಯುವ ಕಾರ್ಖಾನೆ. ಮೂವತ್ತು ಜನ ಹೆಂಗಸರು, ಸಾಲಾಗಿ ಯಂತ್ರಗಳು, ಎಷ್ಟು ಕಿಟಕಿ ತೆಗೆದರೂ ಅಂಟಿನ ವಾಸನೆ ಬಿಡದ ಒಂದೇ ಉದ್ದನೆಯ ಹಾಲ್. ಚರ್ಮ ಕತ್ತರಿಸುವ ಮೇಜು ಅವಳದು. ಹದಿನಾಲ್ಕು ವರ್ಷ ಅಲ್ಲೇ ನಿಂತಿದ್ದಕ್ಕೆ ಕತ್ರಿಯಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಒಮ್ಮೆ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಬೆರಳುಗಳಿಗೆ ದಿನಾ ಕೆಲಸ ಕೊಡಿ ಎಂದರು. ರಬ್ಬರ್ ಚೆಂಡು ಹಿಸುಕುತ್ತ ಕೂರುವುದು ಅವಳಿಗೆ ಬೇಜಾರು. ಬಿಸಾಡುವ ಚರ್ಮದ ತುಂಡುಗಳನ್ನು ಮನೆಗೆ ತಂದು ಜಡೆಯ ಹಾಗೆ ಹೆಣೆಯತೊಡಗಿದಳು. ಮೂರೆಳೆ ನಾಲ್ಕಾಯಿತು, ನಾಲ್ಕು ಎಂಟಾಯಿತು. ಯಾರೋ ಮುದುಕ ಚಾವಟಿ ಹೆಣೆಯುವುದನ್ನು ಮೊಬೈಲಿನಲ್ಲಿ ನೋಡಿದ ಮೇಲಂತೂ ಹುಚ್ಚೇ ಹಿಡಿಯಿತು.

ಒಂದು ಚಾವಟಿಗೆ ಎರಡು ತಿಂಗಳು ಬೇಕು. ಚರ್ಮವನ್ನು ಹೆಬ್ಬೆರಳಿಗೆ ಆನಿಸಿ, ಬುಡದಲ್ಲಿ ಅಗಲ, ತುದಿಗೆ ಹೋಗುತ್ತ ಸಣ್ಣ, ಹಾಗೆ ಎಳೆ ತೆಗೆಯಬೇಕು. ಅಂಚುಗಳನ್ನು ಹೆರೆಯಬೇಕು. ಕೊಬ್ಬು, ಸಾಬೂನು ಕಾಯಿಸಿ ಮಾಡಿದ ಮುಲಾಮು ಸವರಿ, ಕಿಟಕಿಯ ಸರಳಿಗೆ ಕಟ್ಟಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆಯುತ್ತ ಹೆಣೆಯಬೇಕು. ಒಳಗೊಂದು ಹೆಣಿಗೆ, ಅದರ ಮೇಲೊಂದು. ಮುಗಿದದ್ದನ್ನು ಎರಡು ಹಲಗೆಗಳ ನಡುವೆ ಉರುಳಿಸಿದರೆ ಉಬ್ಬುತಗ್ಗು ಕೂತು ಹಾವಿನ ಮೈಯಷ್ಟು ನುಣುಪಾಗುತ್ತದೆ. ಆಮೇಲೆ ಹಿಡಿಯ ಕೊನೆಗೆ ಗಂಟು, ಅರಗಿನ ಹೊಳಪು, ತುದಿಗೆ ನೂಲಿನ ಕುಚ್ಚು. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ನಿಂತು ಬೀಸಿದರೆ ಛಟೀರ್ ಎಂಬ ಸದ್ದು ಗಾಳಿಯಲ್ಲೇ ಹುಟ್ಟಿ ಗಾಳಿಯಲ್ಲೇ ಮುಗಿಯುತ್ತಿತ್ತು. ಅವಳಿಗೆ ಬೇಕಿದ್ದದ್ದು ಅಷ್ಟೆ.

"ಮನೇಲಿ ಹುಲಿ ಸಾಕೋ ಯೋಚನೆ ಇದ್ಯಾ?" ಎಂದು ಬಸ್ ಡ್ರೈವರ್ ಗಂಡ ರೇಗಿಸುತ್ತಿದ್ದ.

"ಗೊರಕೆ ಹೊಡೆಯೋದೊಂದು ಇದ್ಯಲ್ಲ, ಅದೇ ಸಾಕು."

ಗಂಡನ ತಮ್ಮ ಅದೇ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಮಾಲೀಕನಿಗೆ ಬೆಣ್ಣೆ ಹಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದು ದಿನ ಬಂದು, "ಅತ್ತಿಗೆ, ನಿಮ್ಮ ಚಾವಟಿ ಫೋಟೋ ತೋರಿಸ್ದೆ. ಸಾಹೇಬ್ರು ಬೆರಗಾಗ್ಬಿಟ್ರು. ಒಂದು ಕೊಡಿ ಅತ್ತಿಗೆ, ಆಫೀಸ್ ಗೋಡೆಗೆ ಹಾಕ್ಕೋತಾರಂತೆ" ಎಂದ. ಹೊಗಳಿಕೆಗೆ ಅವಳ ಮನಸ್ಸು ಕರಗಿತು. ಇದ್ದದ್ದರಲ್ಲೇ ಚೆನ್ನಾಗಿದ್ದ ಹನ್ನೆರಡು ಎಳೆಯ ಕಂದು ಚಾವಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಅದು ಗೋಡೆಯ ಮೇಲೆ ಇದ್ದದ್ದು ನಾಲ್ಕೇ ದಿನ. ಐದನೆಯ ದಿನ ಚಹಾದ ಬಿಡುವು ಮುಗಿಯುವ ಹೊತ್ತಿಗೆ ಮಾಲೀಕ ಅದನ್ನು ಹಿಡಿದು ಹಾಲ್‌ಗೆ ಬಂದು, "ಏಳ್ರಮ್ಮಾ, ಸರ್ಕಸ್ ಶುರು!" ಎಂದು ಬೀಸಿದ. ಎಲ್ಲರೂ ಬೆಚ್ಚಿ, ಆಮೇಲೆ ನಕ್ಕರು. ಮಾರನೆಯ ದಿನವೂ ಬೀಸಿದ. ಒಂದು ವಾರದಲ್ಲಿ ಅದು ಗಂಟೆಯ ಬದಲು ಬಂತು. ಎರಡು ವಾರದಲ್ಲಿ ಯಾರ ಯಂತ್ರ ನಿಂತರೂ ಅವರ ಬೆನ್ನ ಹಿಂದೆ ಛಟೀರ್ ಎನ್ನತೊಡಗಿತು. ಈಗ ನಗುತ್ತಿದ್ದವನು ಮೈದುನ ಒಬ್ಬನೇ.

ಕತ್ರಿಯಕ್ಕ ಆಫೀಸಿಗೆ ಹೋಗಿ, "ಸಾರ್, ಅದು ಆಟದ ಸಾಮಾನಲ್ಲ. ತುದಿ ತಗುಲಿದ್ರೆ ಚರ್ಮ ಸೀಳುತ್ತೆ. ವಾಪಸ್ ಕೊಟ್ಬಿಡಿ" ಎಂದು ಕೇಳಿದಳು.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಮ್ಮ?" ಎಂದು ಅವನು ಫೋನ್ ಎತ್ತಿಕೊಂಡ.

ಹೊರಗೆ ಬಂದರೆ ಮೈದುನ ಹಲ್ಲು ಕಡಿಯುತ್ತ ನಿಂತಿದ್ದ. "ನನ್ನ ಮರ್ಯಾದೆ ತೆಗೀಬೇಡಿ ಅತ್ತಿಗೆ." ಅವಳು ಮೇಜಿಗೆ ಮರಳಿದಳು. ಆವತ್ತು ಕತ್ತರಿಸಿದ ಆರು ತುಂಡು ಅಳತೆ ತಪ್ಪಿದವು.

ಕೊನೆಯ ಸಾಲಿನಲ್ಲಿ ಹೊಲಿಯುತ್ತಿದ್ದ ಹಿರಿಯಾಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಯಂತ್ರಗಳ ಗದ್ದಲದಲ್ಲೇ ಮುಪ್ಪಾದ ಆಕೆಗೆ ಎಡಗಿವಿ ಕೇಳಿಸದು, ಬಲಗಿವಿಯೂ ಅಷ್ಟಕ್ಕಷ್ಟೆ. ಒಂದು ಗುರುವಾರ ಸೂಜಿ ಮುರಿದು, ಬಗ್ಗಿ ಹೊಸದನ್ನು ಹಾಕುತ್ತಿದ್ದಳು. ಮಾಲೀಕ ಹಿಂದಿನಿಂದ ಬೀಸಿದ. ಆಕೆ ತಿರುಗಲಿಲ್ಲ. ಮೈದುನ ಕಿಸಕ್ಕೆಂದ. ಮಾಲೀಕ ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಬೀಸಿದ. ದೊಡ್ಡಮ್ಮ ಕಿವಿ ಹಿಡಿದುಕೊಂಡು ಕುಸಿದಳು. ಬೆರಳ ಸಂದಿಯಿಂದ ಇಳಿದ ರಕ್ತ ಅರ್ಧ ಹೊಲಿದ ಚೀಲದ ಮೇಲೆ ತೊಟ್ಟಿಕ್ಕಿತು.

ಯಂತ್ರಗಳು ಒಂದೊಂದಾಗಿ ನಿಂತವು. ಮಾಲೀಕ ಚಾವಟಿಯನ್ನು ತಿರುಗಿಸಿ ನೋಡುತ್ತ, "ಇದರ ತುದಿ ಅತಿ ಉದ್ದ ಆಯ್ತು. ಮಾಡೋಕೆ ಬರದೇ ಇದ್ರೆ ಯಾಕಮ್ಮ ಮಾಡ್ತೀರಿ?" ಎಂದ.

ಕತ್ರಿಯಕ್ಕನ ಸಿಟ್ಟು ನೆತ್ತಿಗೇರಿತು. ಮೇಜು ದಾಟಿ ಬಂದದ್ದು ಅವಳಿಗೆ ನೆನಪಿಲ್ಲ. ಅವನ ಕೈಯಿಂದ ಚಾವಟಿ ಕಿತ್ತುಕೊಂಡಳು.

"ತಮಾಷೆ ತಾನೆ ಸಾರ್? ನಿಂತ್ಕೊಳ್ಳಿ. ಬೆನ್ನು ಹಾಕಿ ನಿಂತ್ಕೊಳ್ಳಿ. ನನಗೆ ಮಾಡೋಕೆ ಬರುತ್ತೋ ಇಲ್ವೋ ನೋಡೇಬಿಡೋಣ."

"ಏ, ಏನಮ್ಮ ಇದು..."

ಅವಳು ಸಾಲುಗಳ ನಡುವಿನ ಖಾಲಿ ಜಾಗಕ್ಕೆ ಬೀಸಿದಳು. ಅವನಿಂದ ಎರಡು ಮಾರು ದೂರದಲ್ಲಿ ಸಿಡಿದ ಆ ಸದ್ದಿಗೆ ಟ್ಯೂಬ್‌ಲೈಟ್ ಕೂಡ ಅದುರಿದಂತಾಯಿತು. ಮಾಲೀಕ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಚೀಲಕ್ಕೆ ಅಸ್ತರು ಹಾಕುವ ಬಟ್ಟೆಯ ಸುರುಳಿಗಳ ಹಿಂದೆ ಕೂತೇಬಿಟ್ಟ. ಮೂವತ್ತು ಜನ ನೋಡಿದರು. ಯಾರೂ ನಗಲಿಲ್ಲ. ಇನ್ನೊಮ್ಮೆ ಬೀಸಲು ಅವಳ ತೋಳು ತುಡಿಯುತ್ತಿತ್ತು, ಈ ಸಲ ಇನ್ನೂ ಹತ್ತಿರಕ್ಕೆ. ತನ್ನ ಕೈಯನ್ನು ತಾನೇ ಹಿಡಿದು ನಿಲ್ಲಿಸಬೇಕಾಯಿತು. ಚಾವಟಿಯನ್ನು ಸುತ್ತಿ ಚೀಲಕ್ಕೆ ತುರುಕಿ, ದೊಡ್ಡಮ್ಮನ ಭುಜ ಬಳಸಿಕೊಂಡು ಆಸ್ಪತ್ರೆಗೆ ನಡೆದಳು.

ಕಿವಿಯ ಹಾಲೆಗೆ ಐದು ಹೊಲಿಗೆ ಬಿದ್ದವು. ಹೊರಗಿನ ಬೆಂಚಿನಲ್ಲಿ ಕೂತು ಕತ್ರಿಯಕ್ಕ, "ಪೊಲೀಸ್ ದೂರು ಕೊಡೋಣ ದೊಡ್ಡಮ್ಮ. ಬಿಡಬಾರದು ಅವನನ್ನ" ಎಂದಳು.

ದೊಡ್ಡಮ್ಮ ಕಿವಿಯ ಪಟ್ಟಿ ಮುಟ್ಟಿ ನೋಡಿಕೊಂಡು, "ಯಾರ ಮೇಲೆ ಕೊಡ್ಲಿ?" ಎಂದಳು. "ಅವನು ಹೊಡೆದ. ನಿನ್ನ ಮೈದುನ ನಕ್ಕ. ನೀನು ಹೆಣೆದುಕೊಟ್ಟೆ. ಮೊದಲ್ನೇ ದಿನ ನೀನೂ ನಗ್ತಿದ್ದೆ ಕಣೇ, ನಾನು ನೋಡ್ದೆ."

ಕೆನ್ನೆಗೆ ಬಾರಿಸಿದಂತಾಯಿತು. ಕತ್ರಿಯಕ್ಕನಿಗೆ ಆಕೆಯ ಮೇಲೂ ಸಿಟ್ಟು ಬಂತು. ಸಿಟ್ಟು ಬರುವ ಹಕ್ಕು ತನಗಿಲ್ಲವೆಂದು ಹೊಳೆದು ಅದು ಇಮ್ಮಡಿಯಾಯಿತು.

"ನನ್ನ ಹೆಸರೂ ಬರೆಸು" ಎಂದಳು. "ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ."

ಸಂಜೆ ಮೈದುನ ಮನೆಗೆ ಬಂದ. ಚಪ್ಪಲಿಯನ್ನೂ ಬಿಡದೆ, "ಚಾವಟಿ ಕೊಡಿ ಅತ್ತಿಗೆ. ಯಂತ್ರಕ್ಕೆ ಸಿಕ್ಕಿ ಏಟಾಯ್ತು ಅಂತ ಬರೆಸೋಣ. ದೊಡ್ಡಮ್ಮನ್ನ ನಾನು ಒಪ್ಪಿಸ್ತೀನಿ. ಇಲ್ದಿದ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ" ಎಂದ.

ಅವಳು ಗಂಡನ ಮುಖ ನೋಡಿದಳು. ತಮ್ಮನೆಂದರೆ ಅವನಿಗೆ ಪ್ರಾಣ. ಏನಾದರೊಂದು ಜೋಕು ಹೊಡೆದು ತೇಲಿಸುತ್ತಾನೆ ಎಂದುಕೊಂಡಳು. ಗಂಡ ಎದ್ದು ಬಾಗಿಲು ಪೂರ್ತಿ ತೆಗೆದ.

"ನಮ್ಮಮ್ಮನ ವಯಸ್ಸು ಆಕೆಗೆ. ನಗು ಹೇಗೆ ಬಂತೋ ನಿನಗೆ?"

"ಅಣ್ಣಾ, ನೀನು..."

"ಹೊರಡು. ನನ್ನ ಕೈ ಏಳೋ ಮುಂಚೆ ಹೊರಡು."

ಮರುದಿನ ಗಂಡ ಹೆಂಡತಿ ದೊಡ್ಡಮ್ಮನನ್ನು ಕರೆದುಕೊಂಡು ಠಾಣೆಗೆ ಹೋದರು. ಅಲ್ಲಿ ಕೆಲಸ ಮಾಡುವ ಯಾರಾದರೂ ಸಾಕ್ಷಿ ಹೇಳುತ್ತಾರೆಯೇ ಎಂದು ಅಧಿಕಾರಿ ಅನುಮಾನದಿಂದ ಕೇಳಿದ. ಮಧ್ಯಾಹ್ನದೊಳಗೆ ಹನ್ನೊಂದು ಜನ ಬಂದು ಸಾಲು ನಿಂತರು. ಚಾವಟಿಯನ್ನು ಕಾಗದದಲ್ಲಿ ಸುತ್ತಿ ಮೊಹರು ಹಾಕುವಾಗ ಅಧಿಕಾರಿ, "ಒಳ್ಳೇ ಕೆಲಸ. ಯಾರು ಮಾಡಿದ್ದು?" ಎಂದ. "ನಾನೇ" ಎಂದು ಅವಳು ಹೇಳಿಕೆಯ ಕೆಳಗೆ ಸಹಿ ಹಾಕಿದಳು.

ಮೊಕದ್ದಮೆ ಏಳು ತಿಂಗಳು ನಡೆಯಿತು. ಅಷ್ಟೂ ಜನರನ್ನು ತೆಗೆದರೆ ಕೆಲಸವೇ ನಿಲ್ಲುತ್ತದೆಂದು ಮಾಲೀಕ ಯಾರನ್ನೂ ಬಿಡಿಸಲಿಲ್ಲ. ಮಾಲೀಕನಿಗೆ ದಂಡವಾಯಿತು. ಹಾಲ್‌ನಲ್ಲಿ ಎಲ್ಲರೆದುರು ಕ್ಷಮೆ ಕೇಳಬೇಕೆಂದೂ ಆಯಿತು. ಅವನು ಕುರ್ಚಿಯಲ್ಲಿ ಒರಗಿ ಕೂತು, ಕಾಗದ ನೋಡಿಕೊಂಡು ಓದಿದ. ದೊಡ್ಡಮ್ಮ, "ಎದ್ದು ನಿಂತು ಹೇಳಿ" ಎಂದಳು. ಅವನು ಮೈದುನನ ಕಡೆ ನೋಡಿದ. ಮೈದುನ ನೆಲ ನೋಡುತ್ತಿದ್ದ. ಕೊನೆಗೆ ಅವನು ಎದ್ದು ನಿಂತ.

ಆ ತಿಂಗಳೇ ಕತ್ರಿಯಕ್ಕ ಕೆಲಸ ಬಿಟ್ಟು ಇನ್ನೊಂದು ಬೀದಿಯ ಚಪ್ಪಲಿ ಕಾರ್ಖಾನೆಗೆ ಸೇರಿದಳು. ಮೈದುನನ ಜೊತೆ ಮಾತಿಲ್ಲ. ದೊಡ್ಡಮ್ಮ ಸಿಕ್ಕಾಗ ಮಾತಾಡಿಸುತ್ತಾಳೆ, ಮೊದಲಿನಷ್ಟು ಸಲುಗೆಯಿಲ್ಲ. ಅದನ್ನು ಕೇಳುವ ಮುಖ ಇವಳಿಗೂ ಇಲ್ಲ.

ವರ್ಷದ ಮೇಲೆ ಒಂದು ಭಾನುವಾರ ಮತ್ತೆ ಎಳೆ ಕತ್ತರಿಸಿ ಕಿಟಕಿಯ ಸರಳಿಗೆ ಕಟ್ಟಿದಳು. ನಾಲ್ಕು ಸುತ್ತು ಹೆಣೆಯುವಷ್ಟರಲ್ಲಿ ಬಟ್ಟೆಯ ಸುರುಳಿಯ ಹಿಂದೆ ಕೂತವನ ಮುಖ ಕಣ್ಣಮುಂದೆ ಬಂತು, ಕೈ ಬಿಗಿಯಿತು, ಎಳೆ ಪಟ್ಟನೆ ಹರಿಯಿತು. ಹರಿದ ತುಂಡನ್ನು ಗೋಡೆಗೆ ಬೀಸಿ ಒಗೆದಳು. ಎದ್ದು ಹೋಗಿ ಎರಡು ಲೋಟ ನೀರು ಕುಡಿದಳು. ಆಮೇಲೆ ಚರ್ಮವನ್ನು ಹೆಬ್ಬೆರಳಿಗೆ ಆನಿಸಿ, ಹಲ್ಲು ಕಚ್ಚಿಕೊಂಡು, ಇನ್ನೊಂದು ಎಳೆ ತೆಗೆಯಲು ಕೂತಳು.