ಚೆಲುವಿಯ ಕಳ್ಳಿ

ಕಳ್ಳಿಯ ಮುಳ್ಳುಗಳ ಬುಡದಲ್ಲಿ ಹಿಂಜಿದ ಹತ್ತಿಯಂಥ ಬಿಳಿ ಅಂಟಿಕೊಂಡಿತ್ತು. ಗಾಳಿಗೆ ಹಾರಿಬಂದ ಬೂರುಗದ ಹತ್ತಿಯಿರಬೇಕೆಂದು ಕಡ್ಡಿಯಿಂದ ಎತ್ತಿದೆ. ಒಡೆದು ಕೆಂಪು ರಸ ಬಂತು. ಹುಳ.

ಆ ಕಳ್ಳಿಯನ್ನು ಕುಂಡದಲ್ಲಿ ನೆಟ್ಟವಳು ನನ್ನ ಮಗಳು ಚೆಲುವಿ. ಅವಳು ಹೊಳೆಯ ಪಾಲಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಹರಿಗೋಲು ಮಗುಚಿತ್ತು; ಉಳಿದವರೆಲ್ಲ ಸಿಕ್ಕರು, ಅವಳು ಹೆಣವಾಗಿಯೂ ಸಿಗಲಿಲ್ಲ. ಅವಳ ಕೈ ಮುಟ್ಟಿದ್ದರಲ್ಲಿ ಮನೆಯಲ್ಲಿ ಜೀವವಿದ್ದದ್ದು ಈ ಕಳ್ಳಿಗೊಂದೇ. ಅದನ್ನು ಸಾಯಗೊಡುವುದಿಲ್ಲವೆಂದು ಹಟ ಹಿಡಿದೆ.

ಬೇವಿನೆಣ್ಣೆಗೆ ಅಂಟುವಾಳದ ನೊರೆ ಕದಡಿ, ಹತ್ತಿ ಸುತ್ತಿದ ಕಡ್ಡಿಯಿಂದ ಮುಳ್ಳಿನ ಸಂದುಸಂದನ್ನೂ ಒರೆಸಿದೆ. ಪಕ್ಕದ ಮನೆಯ ನಂಜಕ್ಕ ಬೇಲಿಯಾಚೆಯಿಂದ ಇಣುಕಿದಳು.

“ಕಳ್ಳಿಗೆ ಎಣ್ಣೆಸ್ನಾನ ಮಾಡಿಸ್ತಿದ್ದೀಯೇನವ್ವಾ? ನಮ್ಮತ್ತೆಗೆ ಇಷ್ಟು ಸೇವೆ ಮಾಡಿದ್ರೆ ಇನ್ನೂ ಬದುಕಿರೋಳು.”

“ಆ ನಿನ್ನ ಬಾಯಿಗೂ ಒಂದಿಷ್ಟು ಬಳೀಲಾ?”

ಅವಳು ನಕ್ಕಳು. “ಬಳಿಯೋದಿರ್ಲಿ, ಇರುವೆ ಸಾಲು ನೋಡು. ಏನೋ ತಿನ್ನೋದನ್ನ ಹಾಕ್ತಿದ್ದೀಯ ನೀನು.”

“ನಾನು ನೀರೇ ಹಾಕಲ್ಲ ಕಣೇ.”

ಒರೆಸಿದಷ್ಟೂ ಬಿಳಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಆಮೇಲಾಮೇಲೆ ಬುಡ ಮೆತ್ತಗಾಗಿ, ಒತ್ತಿದರೆ ಬೆರಳು ಒಳಗೆ ಹೋಗತೊಡಗಿತು. ಒಂದು ಬೆಳಿಗ್ಗೆ ತಾಳ್ಮೆಗೆಟ್ಟು ಕುಂಡವನ್ನೇ ಬೋರಲು ಹಾಕಿದೆ. ಬೇರು ಕಪ್ಪಾಗಿ ಕರಗಿತ್ತು. ಮಣ್ಣೆಲ್ಲ ಜಿಡ್ಡು. ಹುಳಿತ ಹಾಲಿನ ವಾಸನೆ, ಕಮಟು ತುಪ್ಪದ ವಾಸನೆ.

“ಯಾವ ಹಾಳಾದವರು ಇದಕ್ಕೆ ಹಾಲು ಸುರಿದಿರೋದು? ಕೈ ಕಡಿದುಹಾಕ್ತೀನಿ!” ಬೀದಿಗೆಲ್ಲ ಕೇಳುವಂತೆ ಕೂಗಿದೆ.

ನಮ್ಮ ಯಜಮಾನರು ಜಗಲಿಯಿಂದ ಇಳಿದು ಬಂದರು. “ನಾನೇ ಕಣೇ.”

“ನೀವಾ? ಕಳ್ಳಿಗೆ ಯಾರಾದ್ರೂ ಹಾಲು ಹಾಕ್ತಾರೇನ್ರೀ? ಬುದ್ಧಿ ಎಲ್ಲಿಟ್ಟಿದ್ರಿ?”

ಅವರು ಚೆಲ್ಲಿದ ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. “ಗುಡ್ಡೆಯೇ ಇಲ್ದೆ ಹಾಲುತುಪ್ಪ ಎಲ್ಲಿಗೆ ಬಿಡ್ತೀಯ, ಅಂದ್ರಲ್ಲ ಹಿರೀಕರು. ಮಗು ಹಸ್ಕೊಂಡೇ ಹೋಯ್ತು. ಅದರ ಕೈಯಾರೆ ತುಂಬಿದ ಮಣ್ಣು ಅಂದ್ರೆ ಇದೊಂದೇ ಅಲ್ವಾ? ಅದಕ್ಕೇ ಅಮಾವಾಸ್ಯೆ ಬಂದಾಗೆಲ್ಲ…”

ನಮ್ಮವರಲ್ಲಿ ಸತ್ತವರನ್ನು ಹೂತ ಮೇಲೆ ಆ ಮಣ್ಣಿನ ಗುಡ್ಡೆಗೆ ಹಾಲು, ತುಪ್ಪ ಬಿಡುತ್ತೇವೆ. ಅದು ಇಳಿದರೆ ಹೋದವರ ಹೊಟ್ಟೆ ತಣ್ಣಗಾಯಿತೆಂದು ಸಮಾಧಾನ. ಚೆಲುವಿಗೆ ಗುಡ್ಡೆ ಎಲ್ಲಿತ್ತು?

ಚಾಕುವನ್ನು ಬೆಂಕಿಗೆ ಹಿಡಿದು ಕೊಳೆತದ್ದನ್ನು ಕೊಯ್ಯುತ್ತಾ ಹೋದೆ. ಚೊಕ್ಕ ಹಸಿರಿನ ಒಂದು ತುಂಡು ಸಿಕ್ಕಿದರೆ ಸಾಕು, ಒಣಗಿಸಿ ಮರಳಿಗೆ ನೆಟ್ಟರೆ ಚಿಗುರುತ್ತದೆ. ಪ್ರತಿ ಕೊಯ್ತದಲ್ಲೂ ನಟ್ಟನಡುವೆ ಕಂದು ಬಣ್ಣ ಕಾಣುತ್ತಿತ್ತು.

“ಮೇಲಿನ ತುಂಡಾದ್ರೂ ಉಳಿಯುತ್ತಾ?”

“ಸುಮ್ನಿರಿ.”

“ಆ ತುದೀದು?”

ತುದಿಯ ಎಳೆಯದನ್ನು ಸೀಳಿ ಅವರ ಕಣ್ಣ ಮುಂದೆ ಹಿಡಿದೆ. ಅಲ್ಲಿಗೂ ಕೊಳೆ ಹತ್ತಿತ್ತು. ಅವರು ಮುಖಕ್ಕೆ ಟವೆಲ್ಲು ಒತ್ತಿಕೊಂಡರು. ಅಷ್ಟು ದಿನ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

“ಏಳಿ, ಗುದ್ದಲಿ ತನ್ನಿ,” ಎಂದೆ.

ಹಿತ್ತಲಲ್ಲಿ ಗುಂಡಿ ತೋಡಿದರು. ತುಂಡುಗಳನ್ನೂ ಕುಂಡದ ಮಣ್ಣನ್ನೂ ಹಾಕಿ ಮುಚ್ಚಿ, ಗುಡ್ಡೆ ಮಾಡಿದೆವು. ನಂಜಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದು ನಿಂತಳು. ಒಳಗಿನಿಂದ ಹಾಲು, ತುಪ್ಪ ತಂದೆ. ಯಜಮಾನರು ಬಿಡತೊಡಗಿದರು. ಅವರ ಕೈಯ ಕೆಳಗೆ ನನ್ನ ಕೈಯನ್ನೂ ಕೊಟ್ಟೆ.

ಒಣಮಣ್ಣು ಕೂಡಲೇ ಎಳೆದುಕೊಳ್ಳಲಿಲ್ಲ. ಗುಡ್ಡೆಯ ನೆತ್ತಿಯ ತಗ್ಗಿನಲ್ಲಿ ಹಾಲು ನಿಂತಿತು, ಅದರ ಮೇಲೆ ತುಪ್ಪದ ಹನಿಗಳು ಮೆಲ್ಲಗೆ ಸರಿದಾಡಿದವು. ಅದು ಇಳಿಯುವವರೆಗೂ ನಾವ್ಯಾರೂ ಕದಲಲಿಲ್ಲ.