ಫ್ಲೂರಿನ್ ಕದ್ದು ಹಾಕಿದ ಗೊಬ್ಬರ

ನನ್ನ ತಮ್ಮ ಫ್ಲೂರಿನ್ ಬಾಯಿ ಬಿಟ್ಟರೆ ಒಂದೇ ಮಾತು: "ಮೆಂಜಕ್ಕಾ, ಆ ಹಳೇ ಹುಲ್ಲುಗಾವಲು ಉತ್ತು ಹಾಕೋಣ. ಹೊಸ ಕ್ಲೋವರ್ ಮೇವು ಬಿತ್ತಿದ್ರೆ ಹಸುಗಳು ಹಾಲಿನ ಹೊಳೆ ಹರಿಸ್ತಾವೆ."

ಹುಲ್ಲುಗಾವಲು ನಮ್ಮಿಬ್ಬರ ಪಾಲಿನದು. ಅಜ್ಜಿಯ ಕಾಲದಿಂದ ನೇಗಿಲು ಕಾಣದ ನೆಲ. ಅಲ್ಲಿ ಹುಲ್ಲಿಗಿಂತ ಹೂವೇ ಜಾಸ್ತಿ. ಅದನ್ನು ಉಳುವುದೆಂದರೆ ನನ್ನ ಹೊಟ್ಟೆಯ ಮೇಲೇ ನೇಗಿಲು ಹೊಡೆದಂತೆ.

ಜಗಳ ಬಿಡಿಸಿದವಳು ಲಾದಿನಾ. ಕೆಳಗಿನ ಊರಿನ ಹುಡುಗಿ, ಗಿಡಗಳ ವಿಜ್ಞಾನಿ. ಕಣಿವೆಯ ವಾಹನಗಳ ಹೊಗೆ ಬಿಸಿಲಿಗೆ ಬೆಂದು ಎಲೆ ಸುಡುವ ಓಝೋನ್ ಅನಿಲ ಆಗುತ್ತದೆ, ಗಾಳಿಯೊಡನೆ ನಮ್ಮ ಬೆಟ್ಟ ಹತ್ತುತ್ತದೆ ಎನ್ನುತ್ತಾಳೆ. ಅದು ಇನ್ನೂ ಹೆಚ್ಚಿದರೆ ಹುಲ್ಲಿನ ಗತಿಯೇನೆಂದು ನೋಡಲು ಕೊಳವೆಗಳಿಂದ ಗಾವಲಿನ ಒಂದು ಮೂಲೆಗೆ ಅದನ್ನೇ ಊದುತ್ತಿದ್ದಳು.

"ಮಾಮಾ, ಪಕ್ಕದಲ್ಲೇ ಅಷ್ಟೇ ಅಗಲದ ತುಂಡು ನಿಂಗೂ ಕೊಡ್ತೀನಿ, ಕ್ಲೋವರ್ ಬಿತ್ತು. ಎರಡಕ್ಕೂ ಅದೇ ಓಝೋನ್ ಊದ್ತೀನಿ. ಯಾವ ಹುಲ್ಲು ಜಾಸ್ತಿ ತೂಗುತ್ತೋ ಅದೇ ಗೆದ್ದ ಹಾಗೆ," ಎಂದಳು. ಅವನು ಗೆದ್ದರೆ ಗಾವಲು ಉಳುವುದೆಂದು ಮಾತಾಯಿತು.

ಮರುವರ್ಷ ಬೇಸಗೆಯ ಆರಂಭ. ಭಾನುವಾರ ನಾನೂ ಲಾದಿನಾಳೂ ಚರ್ಚಿನಿಂದ ಬಂದರೆ, ಅವನ ತುಂಡಿನಿಂದ ಗಬ್ಬೆಂದು ಸಗಣಿ ನಾತ!

"ಥೂ ನಿನ್ನ! ಪ್ರಾರ್ಥನೆ ಹೊತ್ತಲ್ಲಿ ಕದ್ದು ಗೊಬ್ಬರ ಹಾಕ್ತೀಯೇನೋ?"

"ಹಸು ದಾರಿ ತಪ್ಪಿ ಬಂದಿತ್ತಕ್ಕಾ."

"ಬುಟ್ಟಿ ಹೊತ್ಕೊಂಡು ಬಂದಿತ್ತಾ ನಿನ್ನ ಹಸು? ಅಲ್ಲೇ ಬಿಟ್ಟಿದ್ದೀಯಲ್ಲೋ, ಕಳ್ಳ!"

ಪಂದ್ಯವೇ ರದ್ದು ಎಂದಳು ಲಾದಿನಾ. ನನಗೆ ಹಟ ಬಂತು. "ಇರಲಿ ಬಿಡೇ. ತಿಂದು ಕೊಬ್ಬಲಿ, ನೋಡೋಣ." ಹೇಳಿದ್ದೇನೋ ಹೇಳಿದೆ, ಆಮೇಲೆ ದಿನಾ ಹೋಗಿ ಅವನ ತುಂಡನ್ನು ಇಣುಕುತ್ತಿದ್ದೆ.

ಬಿಸಿಲು ಏರಿತು, ಓಝೋನೂ ಏರಿತು. ಅವನ ಕ್ಲೋವರ್ ಎಲೆಗಳ ಮೇಲೆ ಬಿಳಿ ಚುಕ್ಕಿ ಎದ್ದವು, ಆಮೇಲೆ ಎಲೆಗಳೇ ಹಳದಿಯಾಗಿ ಉದುರತೊಡಗಿದವು. ನನ್ನ ಕಡೆ ಹುಲ್ಲಿನ ನಡುವೆ ತಾನಾಗಿ ಬೆಳೆದ ಕ್ಲೋವರ್‌ಗೂ ಚುಕ್ಕಿ ಬಿದ್ದಿತ್ತು, ಸುಳ್ಳೇಕೆ ಹೇಳಲಿ? ಆದರೆ ಅದು ಸೊರಗಿದ ಕಡೆ ಬೇರೆ ಹುಲ್ಲು ಎದ್ದು ನಿಂತಿತು. ಸೊಸೆಗೆ ಜ್ವರ ಬಂದರೆ ಅತ್ತೆ ಒಲೆ ಹಚ್ಚುವುದಿಲ್ಲವೇ, ಹಾಗೆ.

ಎರಡೂ ತುಂಡು ಕೊಯ್ದು ಒಣಗಿಸಿ, ಬಟ್ಟೆಯಲ್ಲಿ ಹೊರೆ ಕಟ್ಟಿ ತಕ್ಕಡಿಯ ಎರಡು ತುದಿಗೆ ತೂಗುಹಾಕಿದೆವು. ಕೋಲು ಅತ್ತಿತ್ತ ಆಡಿತು. ನನ್ನ ಹೊರೆ ಧಪ್ಪೆಂದು ನೆಲ ಮುಟ್ಟಿತು.

"ಸಗಣಿ ಹೊತ್ತು ಬೆನ್ನು ಮುರ್ಕೊಂಡಿದ್ದೇ ಬಂತು," ಎಂದು ಫ್ಲೂರಿನ್ ತಲೆ ಕೆರೆದುಕೊಂಡ.

ನಾನೋ, ಓಡಿಹೋಗಿ ಇನ್ನೂ ಕೊಯ್ಯದ ಗಾವಲಿಗೆ ಬಿದ್ದು ಕರುವಿನಂತೆ ಹೊರಳಾಡಿದೆ. ಈ ವಯಸ್ಸಿನಲ್ಲಿ! ನಗುವೂ ಬಂತು, ಅಳುವೂ ಬಂತು.

"ಏಳಕ್ಕಾ! ಹುಲ್ಲೆಲ್ಲಾ ಹಾಳು ಮಾಡ್ತಿದ್ದೀಯ! ನಾಳೆ ನಾವೇ ಕೊಯ್ಯಬೇಕು ಅದನ್ನ!"

ಆ ಹಳೇ ಹುಲ್ಲಿಗಾಗಿ ಅವನ ಕರುಳು ಚುರುಕ್ಕೆಂದದ್ದು ಅದೇ ಮೊದಲು. ನಾನು ಇನ್ನೊಂದು ಸುತ್ತು ಹೊರಳಿದೆ.